ಯೂರಿಯಾವನ್ನೇ ಬೇಡಿದ ಟೊಮೆಟೊ ಗಿಡ

ಎಳೆಯ ಟೊಮೆಟೊ ಗಿಡವೊಂದು ಬರೀ ಯೂರಿಯಾವನ್ನೇ ಬೇಡುತ್ತಿತ್ತು. ಅದು ಬುಡಕ್ಕೆ ಬಿದ್ದ ವಾರದಲ್ಲೇ ಎಲೆಗಳು ಕಡುಹಸಿರಾಗುತ್ತಿದ್ದವು. ತೋಟದ ಸಾವಂತ್ರವ್ವ ನೆರೆಯವರನ್ನು ಕರೆತಂದು ತೋರಿಸುತ್ತಿದ್ದಳು.

“ನಾನು ಬೇರಿಗೆ ಬಲ ಕೊಟ್ಟು ಹೂ ಅರಳಿಸುತ್ತೇನೆ,” ಎಂದಿತು ರಂಜಕದ ಗೊಬ್ಬರ.

“ನಾನು ಕಾಂಡ ಗಟ್ಟಿಮಾಡಿ ಹಣ್ಣು ತುಂಬಿಸುತ್ತೇನೆ,” ಎಂದಿತು ಪೊಟ್ಯಾಷ್.

“ಮಣ್ಣೊಳಗಿನ ಬೇರನ್ನು ಯಾರು ನೋಡುತ್ತಾರೆ? ಆಚೆ ಹೋಗಿ!” ಎಂದಿತು ಗಿಡ.

ಒಂದೇ ಗಾಳಿಗೆ ಅದು ನೆಲಕ್ಕೊರಗಿತು. ಮೈಯಲ್ಲಿ ಒಂದು ಹೂವೂ ಇರಲಿಲ್ಲ.

“ನನ್ನನ್ನು ಎಬ್ಬಿಸು!” ಎಂದು ಯೂರಿಯಾವನ್ನು ಅಂಗಲಾಚಿತು.

“ನನಗೆ ಎಲೆ ಬೆಳೆಸುವುದಷ್ಟೇ ಗೊತ್ತು. ಅವರಿಬ್ಬರನ್ನು ಕರೆ, ನಾನೂ ಅಳತೆ ಮೀರುವುದಿಲ್ಲ,” ಎಂದಿತು ಯೂರಿಯಾ.

ಗಿಡ ನಾಚುತ್ತಲೇ ಕರೆಯಿತು. ಅವರು ಮುನಿಸಿಲ್ಲದೆ ಬಂದು ಬುಡ ಸೇರಿದರು. ಸಾವಂತ್ರವ್ವ ಕೋಲು ನೆಟ್ಟು ಕಟ್ಟಿದಳು.

ಎರಡು ತಿಂಗಳ ಮೇಲೆ ಸಾವಂತ್ರವ್ವ ಒಬ್ಬಳೇ ಬಂದಳು. ತೋರಿಸಲು ಯಾರನ್ನೂ ಕರೆತಂದಿರಲಿಲ್ಲ, ಬುಟ್ಟಿ ತಂದಿದ್ದಳು.