ಹೊರಗುಳಿದ ಹೆಬ್ಬೆರಳು

"ಕಳ್ಳರನ್ನು ಹಿಡಿಯುವ ವಿದ್ಯೆ ಕಲಿಯೋಕೆ ಬಂದವರು ನಾವು. ನಮ್ಮ ಬೆರಳಿಗೇ ಯಾಕೆ ಮಸಿ, ಸಾರ್? ನಾನೇನು ಕಳ್ಳಿಯೇ?"

ವಿಶ್ವವಿದ್ಯಾಲಯದ ವಿಧಿವಿಜ್ಞಾನ ವಿಭಾಗದಲ್ಲಿ ಅದು ಮೊದಲ ದಿನದ ಪದ್ಧತಿ. ಹೊಸದಾಗಿ ಸೇರಿದವರೆಲ್ಲ ತಮ್ಮ ಬೆರಳಚ್ಚು ಕೊಡಬೇಕು. ಉಳಿದವರೆಲ್ಲ ಕೊಟ್ಟು ಕೈ ತೊಳೆದುಕೊಳ್ಳಲು ಹೋಗಿದ್ದರು. ಇಂಚರ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಳು.

ಗುರುಪಾದಪ್ಪ ಮೇಷ್ಟ್ರು ನಕ್ಕರು. "ಓದು ಮುಗಿದ ಮೇಲೆ ಏನಾಗಬೇಕು ಅಂತಿದ್ದೀಯಮ್ಮ? ಪ್ರಯೋಗಾಲಯವೋ, ಪೊಲೀಸ್ ಇಲಾಖೆಯೋ? ಈಗ ಬ್ಯಾಂಕು, ವಿಮಾ ಕಂಪನಿಗಳೂ ನಮ್ಮವರನ್ನು ಕರೆಯುತ್ತವೆ."

"ಪ್ರಯೋಗಾಲಯ ಸಾರ್. ಕೋರ್ಟಿನಲ್ಲಿ ನನ್ನ ಮಾತೇ ಕೊನೆಯ ಮಾತಾಗಬೇಕು."

"ಭೇಷ್. ಹಾಗಾದರೆ ಒಂದು ಕತೆ ಕೇಳು," ಎಂದರು ಮೇಷ್ಟ್ರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಇದೇ ವಿದ್ಯೆ ಓದಿ ಪ್ರಯೋಗಾಲಯ ಸೇರಿದ್ದ. ಬೆರಳಚ್ಚಿನಲ್ಲಿ ಅವನು ಎತ್ತಿದ ಕೈ. ಅವನು ಹೌದೆಂದರೆ ನ್ಯಾಯಾಧೀಶರು ಮರುಪ್ರಶ್ನೆ ಹಾಕುತ್ತಿರಲಿಲ್ಲ.

ಆ ಊರಿನ ವರ್ತಕನೊಬ್ಬ ಹಾಲು ಕುಡಿದು ಮಲಗಿದವನು ಏಳಲಿಲ್ಲ. ಹಾಲಿನಲ್ಲಿ ವಿಷವಿತ್ತು. ಪರೀಕ್ಷಕ ಹೋದಾಗ ಲೋಟ ಮಂಚದ ಕೆಳಗೆ ಉರುಳಿ ಬಿದ್ದಿತ್ತು. ಬಗ್ಗಿ ಎತ್ತಿಕೊಂಡು ವಾಸನೆ ನೋಡಿದ. ಕೈಗವಸು ಇನ್ನೂ ಚೀಲದಲ್ಲೇ ಇತ್ತು. ಆಮೇಲೆ ಹಾಕಿಕೊಂಡ, ಮೊದಲು ಮುಟ್ಟಿದ್ದನ್ನು ಮರೆತ.

ಕೊಲೆಯಾದ ಮನೆಗೆ ಕಾಲಿಟ್ಟವರೆಲ್ಲ ತಮ್ಮ ಬೆರಳಚ್ಚು ಕೊಟ್ಟು ಹೋಗಬೇಕು. ಅವರ ಗುರುತುಗಳನ್ನು ಬದಿಗಿಟ್ಟರೆ ಉಳಿಯುವುದು ಹೊರಗಿನವನದು. ಕಾನ್‌ಸ್ಟೇಬಲ್ ಮಸಿಯ ಹಲಗೆ ಹಿಡಿದು ಎಲ್ಲರ ಹತ್ತಿರ ಹೋದ. ಮನೆಯವರು ಕೊಟ್ಟರು, ಇನ್‌ಸ್ಪೆಕ್ಟರೂ ಕೊಟ್ಟರು. ಪರೀಕ್ಷಕ ಕೊಡಲಿಲ್ಲ.

ಲೋಟದ ಮೇಲೆ ಯಾರಿಗೂ ಹೊಂದದ ಒಂದು ಹೆಬ್ಬೆರಳಿನ ಗುರುತು ಉಳಿಯಿತು. ಅರ್ಧಂಬರ್ಧ, ಮಸುಕು. ಪಕ್ಕದ ಬೀದಿಯ ದರ್ಜಿಯೊಬ್ಬ ವರ್ತಕನೊಂದಿಗೆ ಜಗಳವಾಡಿದ್ದ. ಅವನನ್ನು ಹಿಡಿದು ತಂದರು.

"ಇವನೇ ಸಾರ್, ಅನುಮಾನವೇ ಇಲ್ಲ. ನೀವೊಂದು ಸಲ ನೋಡಿಬಿಡಿ," ಎಂದರು ಇನ್‌ಸ್ಪೆಕ್ಟರು.

"ಆ ಮನೆ ಹೊಸ್ತಿಲನ್ನೂ ನಾನು ತುಳಿದಿಲ್ಲ ಬುದ್ಧಿ," ಎಂದು ದರ್ಜಿ ಅತ್ತ.

ಇವನೇ ಎಂದು ಕಿವಿಗೆ ಬಿದ್ದ ಮೇಲೆ ಕಣ್ಣು ಬೇರೆಯವರನ್ನು ಕಾಣುವುದಿಲ್ಲ. ಪರೀಕ್ಷಕ ಹೊಂದುವ ಗೆರೆಗಳನ್ನು ಹುಡುಕಿದ. ಒಂದಿಷ್ಟು ಹೊಂದಿದವು. ಹೊಂದದ್ದನ್ನು ಮಸುಕಿನ ತಲೆಗೆ ಕಟ್ಟಿದ. ಗುರುತು ದರ್ಜಿಯದೇ ಎಂದು ಬರೆದು ಸಹಿ ಹಾಕಿದ. ಹೊಸ್ತಿಲು ತುಳಿಯದವನ ಬೆರಳು ಲೋಟದ ಮೇಲೆ ಹೇಗೆ ಬಂತು ಎಂದು ಕೋರ್ಟು ಕೇಳಿತು. ತುಳಿದಿಲ್ಲವೆಂದೇ ದರ್ಜಿ ಮತ್ತೆ ಹೇಳಿದ. ಜೀವಾವಧಿ ಶಿಕ್ಷೆಯಾಯಿತು.

ನಿವೃತ್ತಿಯಾದ ಮೇಲೆ ಪರೀಕ್ಷಕ ಪಾಠ ಹೇಳಲು ಹೋದ. ಮೊದಲ ಪಾಠಕ್ಕೆ ತನ್ನ ಬೆರಳಚ್ಚನ್ನೇ ಬಿಳಿ ಹಾಳೆಯ ಮೇಲೆ ಒತ್ತಿ ತೋರಿಸಿದ. ಅಭ್ಯಾಸಕ್ಕೆಂದು ಹಳೆಯ ಪ್ರಕರಣಗಳ ಬೆರಳಚ್ಚಿನ ಫೋಟೊಗಳನ್ನು ಹಂಚಿದ. ಯಾವುದು ಯಾರದೆಂದು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸಾರ್, ಈ ಫೋಟೊದಲ್ಲಿರೋದು ನಿಮ್ಮ ಹೆಬ್ಬೆರಳೇ."

ತರಗತಿ ಗೊಳ್ಳೆಂದು ನಕ್ಕಿತು. ಪರೀಕ್ಷಕನೂ ನಗುತ್ತಲೇ ಭೂತಗನ್ನಡಿ ಎತ್ತಿಕೊಂಡ. ಒಂದೊಂದೇ ಗೆರೆ ನೋಡಿದ. ಈ ಸಲ ಹೊಂದದ ಗೆರೆ ಒಂದೂ ಇರಲಿಲ್ಲ. ಅದು ಆ ಲೋಟದ ಫೋಟೊ. ಪಾಠವನ್ನು ಅಲ್ಲಿಗೇ ಬಿಟ್ಟು ಜೈಲಿಗೆ ಓಡಿದ. ದರ್ಜಿ ಹಿಂದಿನ ಮಳೆಗಾಲದಲ್ಲೇ ಅಲ್ಲಿ ತೀರಿಕೊಂಡಿದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು. ಇಂಚರ ಕಟ್ಟಿದ್ದ ಕೈ ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯಲಿಲ್ಲ.

"ಅಯ್ಯೋ ದೇವರೇ! ಎಲ್ಲರೂ ಕೊಟ್ಟಾಗ ಅವರೊಬ್ಬರು ಯಾಕೆ ಕೊಡಲಿಲ್ಲ ಸಾರ್?"

ಮೇಷ್ಟ್ರು ಮಸಿಯ ಹಲಗೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಅವನೂ ಕಾನ್‌ಸ್ಟೇಬಲ್‌ನನ್ನು ಕೇಳಿದ್ದನಮ್ಮ, ನಾನೇನು ಕಳ್ಳನೇ ಅಂತ."