ವ್ಯಾಪಾರಿಯ ಕೈಗುಣ

"ಗುರುಗಳೇ, ತಿಳಿಯದೆ ಮಾಡಿದ್ದಕ್ಕೂ ಪಾಪ ಉಂಟೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅಕ್ಕಿ ಬೇಳೆಯ ಜೊತೆಗೆ ಜ್ವರ, ನೆಗಡಿಯ ಗುಳಿಗೆಯನ್ನೂ ಮಾರುತ್ತಿದ್ದ. ಅವನ ಕೈಗುಣ ಒಳ್ಳೆಯದೆಂದು ಜನ ನಂಬಿದ್ದರು. ಮಕ್ಕಳಿಗೆ ಮೊದಲ ಗುಳಿಗೆಯನ್ನು ಅವನೇ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹೊಗಳಿಕೆ ಯಾರಿಗೆ ಬೇಡ? ನಾಲ್ಕು ಜನ ಹೇಳಿದ ಮೇಲೆ ವ್ಯಾಪಾರಿಯೂ ತನ್ನ ಕೈಯನ್ನು ನಂಬತೊಡಗಿದ.

ಒಬ್ಬ ಬಳೆಗಾರ್ತಿ ತನ್ನ ಪುಟ್ಟ ಮಗಳ ಜ್ವರಕ್ಕೆ ಅವನಿಂದ ಗುಳಿಗೆ ತೆಗೆದುಕೊಂಡು ಹೋದಳು. ಕೆಲವು ದಿನ ಕಳೆದ ಮೇಲೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಬಂದಳು. ಮಗುವಿನ ಕಣ್ಣು ಕೆಂಡವಾಗಿತ್ತು. ತುಟಿ ಬಾತಿತ್ತು. ಮೈಮೇಲೆ ಬೊಬ್ಬೆಗಳು ಎದ್ದಿದ್ದವು.

"ಅಮ್ಮ ಬಂದವ್ಳೆ ಅಲ್ವಾ ಶೆಟ್ರೇ?" ಎಂದು ಕೇಳಿದಳು.

ವ್ಯಾಪಾರಿಗೆ ಒಂದು ಮಾತು ನೆನಪಾಯಿತು. ಕೆಲವು ಮಕ್ಕಳ ಮೈಗೆ ಈ ಗುಳಿಗೆ ಒಗ್ಗದು, ಬೊಬ್ಬೆ ಎದ್ದರೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು ಎಂದು ಗುಳಿಗೆ ತಂದುಕೊಡುವವನು ಹೇಳಿದ್ದ. ಆದರೆ ಅಂಗಡಿಯ ಮುಂದೆ ಜನ ನಿಂತಿದ್ದರು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಹೂಂ ಕಣಮ್ಮ, ಅಮ್ಮನೇ. ಇನ್ನು ಗುಳಿಗೆ ಬೇಡ. ಬೇವಿನ ಸೊಪ್ಪಿನ ಮೇಲೆ ಮಲಗಿಸು" ಎಂದು ಅಂಗಡಿಯ ಪಕ್ಕದ ಮರದಿಂದ ತಾನೇ ಒಂದು ಕೊಂಬೆ ಮುರಿದುಕೊಟ್ಟ.

ಆಕೆ ಕೈಮುಗಿದು ಹೋದಳು. ಅಮ್ಮ ಬಂದ ಮಗುವನ್ನು ಆ ಊರಿನಲ್ಲಿ ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ತನ್ನ ತಪ್ಪನ್ನು ದೇವಿಯ ತಲೆಗೆ ಕಟ್ಟಿ ಅವನು ಬೇಳೆ ತೂಗಲು ಕುಳಿತ. ಆದರೆ ಆಕೆ ಮುಗಿದ ಕೈ ಕಣ್ಣ ಮುಂದಿನಿಂದ ಸರಿಯಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದ.

ಮರುದಿನ ಅಂಗಡಿ ತೆರೆಯದೆ ಅವಳ ಮನೆಗೆ ಓಡಿದ. ಮಗುವಿನ ಬೆನ್ನಿನ ಚರ್ಮ ಬೇವಿನೆಲೆಗೆ ಅಂಟಿಕೊಂಡು ಸುಲಿದುಬಂದಿತ್ತು.

"ಇದು ಅಮ್ಮ ಅಲ್ಲ ತಾಯಿ, ನನ್ನ ಗುಳಿಗೆ" ಎಂದು ಅತ್ತ.

ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ನಿನ್ನೆಯೇ ತಂದಿದ್ದರೆ ಕಣ್ಣೂ ಉಳಿಯುತ್ತಿತ್ತೇನೋ ಎಂದರು ವೈದ್ಯರು. ಬಳೆಗಾರ್ತಿ ವ್ಯಾಪಾರಿಯನ್ನು ಬೈಯಲಿಲ್ಲ. ಬೈದಿದ್ದರೆ ಅವನು ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದ.

ಶಿಷ್ಯ ನಿಟ್ಟುಸಿರುಬಿಟ್ಟ. "ಯಾವ ಮೈಗೆ ಯಾವ ಮದ್ದು ಒಗ್ಗದೆಂದು ಪಾಪ ಅವನಿಗೇನು ಗೊತ್ತು? ತಿಳಿಯದೆ ಕೊಟ್ಟ" ಎಂದ.

ಗುರುಗಳು ಹೇಳಿದರು: "ಗುಳಿಗೆಯನ್ನು ತಿಳಿಯದೆ ಕೊಟ್ಟ. ಬೇವನ್ನು?"