ಮೇಣದ ಸೀಬೆ ಮತ್ತು ಮರದ ಸೀಬೆ

ಒಂದು ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಶಾಲಾ ಮಕ್ಕಳಿಗೆ ತನ್ನ ಬಾಗಿಲು ತೆರೆಯುತ್ತಿತ್ತು. ಒಳ್ಳೆಯ ಆಹಾರದ ಬಗ್ಗೆ ತಿಳಿಸಲೆಂದು ಅಲ್ಲಿಯವರು ಮೇಜಿನ ಮೇಲೆ ಮೇಣದ ಸೀಬೆಹಣ್ಣೊಂದನ್ನೂ, ಆ ಬೆಳಿಗ್ಗೆಯಷ್ಟೇ ಮರದಿಂದ ಕಿತ್ತ ಸೀಬೆಹಣ್ಣೊಂದನ್ನೂ ಅಕ್ಕಪಕ್ಕ ಇಟ್ಟರು. ಎರಡರ ಮುಂದೆಯೂ ‘ಮುಟ್ಟಬೇಡಿ’ ಎಂಬ ಫಲಕ ನಿಲ್ಲಿಸಿದರು.

“ಈ ಫಲಕ ನಿನಗೆ ಸರಿ. ನನಗೇಕೆ?” ಎಂದು ಮರದ ಸೀಬೆ ಕೇಳಿತು. “ನಾನು ಹಣ್ಣಾಗಿರುವುದೇ ಯಾರಾದರೂ ತಿನ್ನಲಿ ಎಂದು.”

“ನಾವು ಇಲ್ಲಿರುವುದು ಕಲಿಸಲು,” ಎಂದಿತು ಮೇಣದ ಸೀಬೆ. “ನಾನು ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದೇನೆ. ಮೈಮೇಲೆ ಒಂದು ಹಲ್ಲಿನ ಗುರುತೂ ಇಲ್ಲ.”

“ಏನು ಕಲಿಸಿದೆ?”

“ಮಕ್ಕಳು ಹೊರಗೆ ಹೋಗುವಾಗ ಕೇಳಿಸಿಕೋ.”

ಅಷ್ಟರಲ್ಲಿ ಸಿಂಚನ ಎಂಬ ಹುಡುಗಿ ಮೇಜಿನ ಬಳಿ ಬಂದಳು. ಹಣ್ಣಿನ ಘಮ ಮೂಗಿಗೆ ಬಡಿದದ್ದೇ ತಡ, ಮರದ ಸೀಬೆಯತ್ತ ಕೈ ಚಾಚಿದಳು.

“ಬೇಡ ಪುಟ್ಟಿ, ಅದು ನೋಡೋಕೆ ಇಟ್ಟಿರೋದು,” ಎಂದು ಉಪನ್ಯಾಸಕಿ ಮೆಲ್ಲಗೆ ಆ ಕೈಯನ್ನು ಹಿಂದಕ್ಕೆ ಸರಿಸಿದರು. ಸೀಬೆಯ ಸತ್ವವನ್ನೆಲ್ಲ ಮನಮುಟ್ಟುವಂತೆ ವಿವರಿಸಿದರು. ಆಮೇಲೆ, ಬಂದ ಮಕ್ಕಳನ್ನು ಬರಿಗೈಲಿ ಕಳಿಸಬಾರದೆಂದು, ಅವಳ ಕೈಗೊಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಇಟ್ಟರು.

“ನೀನು ಬದುಕಿಕೊಂಡೆ,” ಎಂದಿತು ಮೇಣದ ಸೀಬೆ.

“ಇಲ್ಲ. ನನ್ನನ್ನೂ ಮೇಣ ಮಾಡಿಬಿಟ್ಟರು,” ಎಂದಿತು ಮರದ ಸೀಬೆ.

ಬಾಗಿಲ ಹತ್ತಿರ ಕಾಯುತ್ತಿದ್ದ ತಾಯಿ ಮಗಳನ್ನು ಕೇಳಿದಳು: “ಏನು ಹೇಳಿಕೊಟ್ರು ಕಂದಾ?”

ಸಿಂಚನ ಬಾಯಲ್ಲಿದ್ದ ಬಿಸ್ಕತ್ತು ನುಂಗಿ ಹೇಳಿದಳು: “ಹಣ್ಣು ಮುಟ್ಟಬಾರದಂತೆ ಅಮ್ಮಾ.”